ಡಾಕ್ಟರ ಮುಂದೆ ನಾನು ‘ಇಲ್ಲ’ ಅಂದದ್ದು

ತಂಗಿಯ ಮಗಳ ಜ್ವರಕ್ಕೆ ಬೇಕಾಗಿದ್ದ ಪುರಾವೆ ನನ್ನ ರಕ್ತದಲ್ಲೇ ಇತ್ತು. ನಾನು ಅದನ್ನು ಕೊಡಲಿಲ್ಲ.

ಹುಡುಗಿಗೆ ತಿಂಗಳು ತಿಂಗಳು ಜ್ವರ. ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದಳು, ಮೊಣಕಾಲು ಬಾತುಕೊಳ್ಳುತ್ತಿತ್ತು, ಆಮೇಲೆ ಎಲ್ಲ ತಾನೇ ಇಳಿಯುತ್ತಿತ್ತು. ತಂಗಿಯನ್ನು ಕುಷ್ಟಗಿಯ ಸೋದರತ್ತೆಯ ಮಗನಿಗೇ ಕೊಟ್ಟಿದ್ದೆವು. ಅವನು ಅಂಗಡಿ ಬಿಟ್ಟು ಬರಲಾರ ಎಂದು ಹುಬ್ಬಳ್ಳಿಯ ದವಾಖಾನೆಗೆ ಅವಳ ಜೊತೆ ನಾನು ಹೋದೆ. ಹುಡುಗಿ, ತಂಗಿ, ಅವಳ ಗಂಡ, ಮೂವರ ರಕ್ತದ ಪರೀಕ್ಷೆ ಮೊದಲೇ ಆಗಿತ್ತು.

“ಮಗುವಿನ ವಂಶವಾಹಿಯೊಳಗ ಒಂದು ಬದಲಾವಣೆ ಸಿಕ್ಕೈತಿ,” ಅಂದರು ಡಾಕ್ಟರು. “ತಾಯಿಯಿಂದ ಒಂದು, ತಂದಿಯಿಂದ ಒಂದು, ಜೋಡಿಯಾಗಿ ಬಂದೈತಿ. ಆದ್ರ ಜ್ವರಕ್ಕ ಅದೇ ಕಾರಣ ಅನ್ನಾಕ ಇಷ್ಟು ಸಾಲದು. ನಿಮ್ಮ ಮನಿತನದಾಗ ಇಂಥಾ ಜ್ವರ ಬಂದವರು ಯಾರರ ಅದಾರೇನು? ಅವರ ರಕ್ತದಾಗೂ ಇದೇ ಜೋಡಿ ಸಿಕ್ರ ಮಾತು ಗಟ್ಟಿ ಆಗ್ತೈತಿ.”

ತಂಗಿ ನನ್ನ ಮುಖ ನೋಡಿದಳು.

“ಯಾರಿಗೂ ಇಲ್ರಿ,” ಅಂದೆ.

ನನಗೇ ಇತ್ತು. ತಂಗಿ ತೊಟ್ಟಿಲಲ್ಲಿದ್ದ ಕಾಲದ ಮಾತು, ಅವಳಿಗೆ ಗೊತ್ತಿರಲಿಲ್ಲ. ಜ್ವರ ಬಂದಾಗ ಅವ್ವ ಬೇವೂರಿನ ಮನೆಯಲ್ಲಿ ನನ್ನನ್ನು ಒಳಗೆ ಮಲಗಿಸಿ, ಬಂದವರಿಗೆ “ಹೊಲಕ್ಕ ಹೋಗ್ಯಾನ” ಅನ್ನುತ್ತಿದ್ದಳು. ರೋಗದ ಹುಡುಗನಿಗೆ ಮುಂದೆ ಹೆಣ್ಣು ಸಿಗುವುದಿಲ್ಲ ಎಂಬ ಭಯ. ಅವ್ವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವಳು ಸತ್ತುಹೋಗಿದ್ದಳು. ಆ ಕುರ್ಚಿಯಲ್ಲಿ ಕೂತು ಸುಳ್ಳು ಹೇಳಿದವನು ನಾನು. ಗಂಗಾವತಿಯ ಒಳ್ಳೆಯ ಮನೆಯವರು ನನ್ನ ಮಗಳನ್ನು ಒಪ್ಪಿ ಹೋಗಿದ್ದರು. ಅಪ್ಪನಿಗೇ ವಂಶದ ರೋಗ ಎಂದರೆ ಅವರು ನಿಲ್ಲುತ್ತಿರಲಿಲ್ಲ. ಕೂಸು ನರಳಿದರೆ ನರಳಲಿ, ಮಾನ ಉಳಿಯಲಿ ಅಂದುಕೊಂಡೆ. ನಾಲ್ಕನೆಯ ಇಯತ್ತೆಯವರೆಗಷ್ಟೇ ಶಾಲೆ ಕಲಿತವನು ಎಂದು ನೆಪ ಹೇಳುವುದಿಲ್ಲ. ಡಾಕ್ಟರು ಕೇಳಿದ್ದು ನನಗೆ ಪೂರ್ತಿ ತಿಳಿದಿತ್ತು.

“ಓದಿದ ಡಾಕ್ಟ್ರಿಗೇ ಗೊತ್ತಿಲ್ಲಂದ್ರ ಮತ್ಯಾಕ ಅಲ್ಲಿಗೆ ಹೋಗಬೇಕು?” ಅಂದಳು ಕುಷ್ಟಗಿಯಲ್ಲಿ ತಂಗಿಯ ಅತ್ತೆ, ನಮ್ಮ ಸೋದರತ್ತೆ. ದವಾಖಾನೆಗೆ ಹೋಗುವುದು ನಿಂತಿತು.

ಮಗಳ ಮದುವೆಯಾದ ಮೇಲೆ ಕುಷ್ಟಗಿಗೆ ಹೋದೆ. ಹುಡುಗಿ ಅಂಗಿ ಮೇಲೆತ್ತಿಕೊಂಡು ಮಲಗಿದ್ದಳು. ಹೊಕ್ಕುಳ ಪಕ್ಕದಲ್ಲಿ ಕಾಸಿದ ಸೂಜಿಯ ಬರೆ. ಹಸಿಯಿತ್ತು.

“ಕೂಸಿನ ಹೊಟ್ಟಿ ಸುಟ್ಟೀಯಲ್ಲ, ನೀ ಮನಷ್ಯಾಳೇನು?” ಎಂದು ಅತ್ತೆಯ ಮೇಲೆ ಹರಿಹಾಯ್ದೆ.

“ನಾವರ ಬರಿ ಹಾಕಿಸೇವಿ. ನೀ ಏನ್ ಮಾಡೀಯಪಾ, ಮಾವ ಅನ್ನಿಸಿಕೊಂಡು?”

ಮರುದಿನ ತಾಯಿ, ಮಗಳು ಇಬ್ಬರನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಡಾಕ್ಟರ ಮುಂದೆ ನನ್ನ ಜ್ವರದ ಕತೆ ಹೇಳಿ, ತೋಳು ಚಾಚಿ ರಕ್ತ ಕೊಟ್ಟೆ.

ಪರೀಕ್ಷೆಯಲ್ಲಿ ಅದೇ ಜೋಡಿ ಬಂತು. “ಇದೊಂದರಿಂದಲೇ ಪೂರಾ ಸಾಬೀತಾಗಂಗಿಲ್ಲ. ಔಷಧ ಶುರು ಮಾಡಾಕ ಸಾಕು,” ಎಂದು ಡಾಕ್ಟರು ದಿನದ ಗುಳಿಗೆ ಬರೆದುಕೊಟ್ಟರು.

ಹೊರಗೆ ಬಂದು ತಂಗಿ ಕೇಳಿದಳು. “ಅವತ್ತ ಯಾಕ ಹೇಳಲಿಲ್ಲಣ್ಣಾ? ನಾ ಬಾಜೂಕ ಕುಂತಿದ್ದೆ.”

“ನನ್ನ ಮಗಳ ಮದುವಿ ಮುರೀತೈತಿ ಅಂತ ನಿನ್ನ ಮಗಳನ್ನ ಸುಡಾಕ ಬಿಟ್ಟೆ,” ಅಂದೆ. “ನನ್ನದು ತಪ್ಪಾತವ್ವಾ. ಭಾಳ ದೊಡ್ಡ ತಪ್ಪಾತು.”