ಅವ್ವನ ಖೋಲಿಗೆ ವಿಮಾನದ ಗೋಡೆ

ವಿಮಾನದ ಗೋಡೆಯೊಳಗೆ ನಾರಿನ ಹಾಸು ತುಂಬುವುದು ನನ್ನ ಹೊಟ್ಟೆಪಾಡು. ಗಾಜಿನ ಎಳೆಗಳ ಹಗುರ ಹಾಸು ಅದು. ತಗಡಿನ ನಡುಕವನ್ನೂ ಇಂಜಿನ್ನಿನ ಗದ್ದಲವನ್ನೂ ಒಳಗೆ ಕೂತವರಿಗೆ ಮುಟ್ಟದಂತೆ ನುಂಗುತ್ತದೆ. ಇಷ್ಟು ದೊಡ್ಡ ವಿದ್ಯೆ ಇಟ್ಟುಕೊಂಡವನ ಹೆತ್ತವ್ವ ಮಸ್ಕಿಯಲ್ಲಿ, ಅಣ್ಣನ ಹಿಟ್ಟಿನ ಗಿರಣಿಗೆ ಅಂಟಿಕೊಂಡ ಖೋಲಿಯಲ್ಲಿ, ಹಗಲು ಕಣ್ಣು ಹತ್ತದೆ ತಲೆಗೆ ಸೆರಗು ಬಿಗಿದು ಮಲಗುತ್ತಿದ್ದಳು. "ಊರ ಮಂದಿ ಕಿವಿ ಕಾಯ್ತೀ, ನನ್ನ ಕಿವಿಗೂ ಏನರ ಮಾಡೋ" ಎಂದಳು. ರಜೆ ಹಾಕಿ ಬಂದೆ.

ಗಿರಣಿ ಕಡೆಯ ಗೋಡೆಗೆ ಹಲಗೆ ಹೊಡೆಸಿ, ನಡುವೆ ಹತ್ತಿ ತುಂಬಿಸು ಎಂದು ಅಣ್ಣನಿಗೆ ಹೇಳಿ ಲಿಂಗಸುಗೂರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅವನು ಅಂಡಿಗೆಯ ದೊಡ್ಡ ಚೀಲಕ್ಕೆ ಹತ್ತಿ ತುಳಿಯುವ ಇಬ್ಬರನ್ನು ಕರೆಸಿ, ಕಾಲು ಹೋಗದ ಸಂದಿಗೆ ಒನಕೆಯಿಂದ ಜಡಿಸಿಬಿಟ್ಟಿದ್ದ. ಹತ್ತಿ ಕಂಡರೆ ನಮ್ಮವರಿಗೆ ತುಳಿಯದೆ ಸಮಾಧಾನವಿಲ್ಲ. ಗಿರಣಿ ಚಾಲೂ ಆದದ್ದೇ ಹಲಗೆಯ ಮೇಲಿನ ದೇವರ ಫೋಟೊ ಕುಣಿಯತೊಡಗಿತು.

"ಇದೇನು ಮಾಡ್ಸಿಯೋ ಅಣ್ಣಾ! ನಾರಿನ ಸಂದ್ಯಾಗ ಗಾಳಿ ಆಡಬೇಕು. ಗಟ್ಟಿ ಜಡದ್ರ ಗೋಡಿ ನಡುಕ ಹಲಗಿಗೆ ಬರತೈತಿ."

"ಬರೇ ಗಾಳಿ ತುಂಬಾಕ ನಿನಗ ಪಗಾರ ಕೊಡ್ತಾರೇನು?" ಎಂದ ಅಣ್ಣ. ಹಾಗೆ ನೋಡಿದರೆ ಅದು ಸುಳ್ಳೂ ಅಲ್ಲ.

ಹತ್ತಿ ಕಿತ್ತೆವು, ಹಿಂಜಿದೆವು. ಹಲಗೆಯನ್ನು ಗೋಡೆಗೆ ತಾಗದಂತೆ ನಿಲ್ಲಿಸಿ ಹಗುರಾಗಿ ತುಂಬಿದೆವು. ಮರುದಿನ ಗಿರಣಿ ಎಲ್ಲೋ ಸಿಂಧನೂರಿನಾಚೆ ಓಡಿದಂತಿತ್ತು. ಅವ್ವ ಕಾಲು ಚಾಚಿ ಮಲಗಿದಳು. ಪಕ್ಕದಲ್ಲಿ ಕೂತು ನಾನು ಹಿಗ್ಗಿ ಹೀರೇಕಾಯಾದೆ.

ಆ ಹಿಗ್ಗಿನಲ್ಲಿ ನಮ್ಮ ಕಸುಬಿನ ಇನ್ನೊಂದು ತರಲೆ ಮರೆತೇಹೋಗಿತ್ತು: ಇಂಜಿನ್ ಸದ್ದು ಅಡಗಿದರೆ ಪಕ್ಕದ ಸೀಟಿನ ಮಾತು ಕೇಳಿಸುತ್ತದೆ. ಅವ್ವನ ಖೋಲಿಯ ಇನ್ನೊಂದು ಮಗ್ಗುಲಿಗೆ ಅಡುಗೆಮನೆ, ನಡುವೆ ಬರೀ ತಗಡು. ಗಿರಣಿ ಸದ್ದಿನಲ್ಲೇ ಬಾಳುವೆ ಮಾಡಿದ ಅತ್ತಿಗೆಗೆ ಮೆತ್ತಗೆ ಮಾತಾಡಿ ಗೊತ್ತೇ ಇಲ್ಲ. ಫೋನಿನಲ್ಲಿ ತನ್ನ ತಾಯಿಗೆ ಕೂಗಿ ಹೇಳುತ್ತಿದ್ದಳು:

"ಮುದುಕಿ ಕಣ್ಣು ಮುಚ್ಚಿದ ಮ್ಯಾಲೆ ಆ ಖೋಲ್ಯಾಗ ಖಾರ ಕುಟ್ಟೋ ಮಷೀನ್ ಕುಂದ್ರಸ್ತೀವಿ ಬೇ. ಅದಕ್ಕ ಹಾದಿ ಕಾಯಾಕತ್ತೀವಿ."

ನನ್ನ ಮೈ ಉರಿದುಹೋಯಿತು. ಎದ್ದೆ. ಅವ್ವ ಮಲಗಿದಲ್ಲಿಂದಲೇ ಕೈ ಹಿಡಿದು ಕೂರಿಸಿದಳು.

"ವಿಮಾನದಾಗೂ ಹಿಂಗ ಎಲ್ಲಾ ಕೇಳಸ್ತೈತೇನೋ?"

"ಹೂನವ್ವಾ."

"ಪಾಪ," ಎಂದಳು, "ಅದರಾಗ ಕುಂತವ್ರಿಗೆ ನಡುದಾರ್ಯಾಗ ಇಳಿಯಾಕೂ ಬರಂಗಿಲ್ಲ."