ತೂಕದ ಕೋಣೆಯ ವೈರು

ನಾನು ಚಳ್ಳಕೆರೆಗೆ ಸೊಸೆಯಾಗಿ ಬಂದ ವರ್ಷವೇ ನಮ್ಮ ಎಣ್ಣೆ ಮಿಲ್ಲಿಗೆ ಕಂಪ್ಯೂಟರುಗಳೂ ಬಂದವು. ಅವನ್ನು ಆಫೀಸಿಗೆ ಕಳಿಸಿದರು, ನನ್ನನ್ನು ಅಡುಗೆಮನೆಗೆ. ಆ ಪೆಟ್ಟಿಗೆಗಳ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು ಎಂದರೆ, ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ದಾವಣಗೆರೆಯಲ್ಲಿ ಬಿಎಸ್ಸಿ ಓದುವಾಗ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿದ್ದದ್ದು ಯುನಿಕ್ಸ್. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಅಷ್ಟೇ. ಗೆಳತಿಯರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ, ನನಗೆ ಮಾತ್ರ ಬಲು ಇಷ್ಟ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಕೇಳದ್ದಕ್ಕೆ ಬಾಯಿ ಬಿಡುವುದಿಲ್ಲ. ನನ್ನ ಸಿಟ್ಟಿನ ಸ್ವಭಾವಕ್ಕೆ ಅಂಥವರ ಜೊತೆಯೇ ಸರಿ.

ನಮ್ಮ ಮಿಲ್ಲಿಗೆ ಬಂದದ್ದು ಅದೇ ಜಾತಿಯ ಲಿನಕ್ಸ್. ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಬಂದು ಕೂರಿಸಿ ಹೋಗಿದ್ದ. ಮಾವ ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ಕೇಳುತ್ತಿದ್ದರು, "ಅಲ್ಲಮ್ಮ, ಸರ್ವರ್ ಅಂತಾರಲ್ಲ, ಹಂಗಂದ್ರೇನು?" ನಾನು ಮುದ್ದೆಗೆ ಸಾರು ಬಿಡುತ್ತಾ ವಿವರಿಸುತ್ತಿದ್ದೆ, "ಎಲ್ಲರ ಲೆಕ್ಕಾನೂ ಒಂದೇ ಕಡೆ ಇಟ್ಕೊಂಡು, ಕೇಳ್ದೋರಿಗೆ ಕೊಡೋ ಪೆಟ್ಟಿಗೆ, ಮಾವ." ಒಮ್ಮೆ ಧೈರ್ಯ ಮಾಡಿ, "ನಾನೂ ಆಫೀಸಿಗೆ ಬರ್ಲಾ?" ಎಂದು ಕೇಳಿಯೇಬಿಟ್ಟೆ. ಮಾವ ಕೈ ತೊಳೆಯಲು ಏಳುತ್ತಾ, "ನೋಡಾನ" ಅಂದರು. ಅದು ಇಲ್ಲ ಎನ್ನುವುದರ ಇನ್ನೊಂದು ರೂಪ, ಜಗಳ ಆಡುವುದಕ್ಕೂ ಜಾಗ ಕೊಡದಂಥದ್ದು. ಅತ್ತೆಯಂತೂ ನೇರವಾಗಿಯೇ ಹೇಳಿದರು, "ಅಲ್ಲಿ ಹಮಾಲ್ರು, ಲಾರಿಯೋರು, ಬೀಡಿ ಹೊಗೆ. ಮನೆ ಸೊಸೆಗೆ ಅಲ್ಲೇನು ಕೆಲಸ?"

ಮಿಲ್ಲಿನ ವ್ಯವಸ್ಥೆ ಹೀಗಿತ್ತು. ಆಫೀಸಿನಲ್ಲಿ ಸರ್ವರ್. ಅಲ್ಲಿಂದ ಹೊರಟ ಒಂದೇ ಒಂದು ಕಪ್ಪು ವೈರು ಗುಮಾಸ್ತರ ಮಿಷಿನ್ನು, ಮಾವನ ಕೋಣೆಯ ಮಿಷಿನ್ನು, ಗೋಡೌನಿನ ಮಿಷಿನ್ನು ಎಂದು ಒಂದೊಂದನ್ನೇ ಮುಟ್ಟುತ್ತಾ ತೂಕದ ಕೋಣೆಯವರೆಗೆ ಹೋಗಿ ನಿಲ್ಲುತ್ತಿತ್ತು. ಹೂವಿನ ಸರದ ಹಾಗೆ, ಎಲ್ಲವೂ ಒಂದೇ ದಾರದಲ್ಲಿ. ಮೊಳಕಾಲ್ಮುರಿನಲ್ಲಿ ನಮ್ಮದೊಂದು ಖರೀದಿ ಅಂಗಡಿ ಇತ್ತು. ನನ್ನ ಗಂಡ ಅಲ್ಲಿ ಕೂತು ರಾಂಪುರ, ಕೊಂಡ್ಲಹಳ್ಳಿ ಕಡೆಯ ಶೇಂಗಾ ಕೊಳ್ಳುತ್ತಿದ್ದರು. ಅವರ ಕಂಪ್ಯೂಟರು ಮಾತ್ರ ಈ ವೈರಿನಲ್ಲಿರಲಿಲ್ಲ. ಸಂಜೆ ಫೋನಿನ ಮೂಲಕ, ಮೋಡೆಮ್ ಎಂಬ ಕಿರುಚುವ ಡಬ್ಬಿಯಿಂದ ನೇರ ಸರ್ವರಿಗೆ ಬಂದು ಅವತ್ತಿನ ತೂಕ ಬರೆಸಿ ಹೋಗುತ್ತಿತ್ತು.

ಆ ವರ್ಷ ಮಳೆ ಹದವಾಗಿ ಬಿದ್ದಿತ್ತು. ದಸರೆಯ ಹೊತ್ತಿಗೇ ಟ್ರ್ಯಾಕ್ಟರುಗಳು ಮಿಲ್ಲಿನ ಗೇಟಿನಿಂದ ಬಳ್ಳಾರಿ ರಸ್ತೆಯವರೆಗೆ ಸಾಲು ನಿಂತಿದ್ದವು. ಆಯುಧಪೂಜೆಯ ದಿನ ಗಾಣ, ತಕ್ಕಡಿ, ಲಾರಿಗಳ ಜೊತೆಗೆ ಕಂಪ್ಯೂಟರುಗಳಿಗೂ ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ವಿಶ್ರಾಂತಿ ಕೊಟ್ಟರು. ಮರುದಿನ ವಿಜಯದಶಮಿ. ಒಳ್ಳೆಯ ಗಳಿಗೆ ನೋಡಿ ಮಾವ ತಾವೇ ಸ್ವಿಚ್ ಒತ್ತಿದರು. ಸರ್ವರ್ ಎದ್ದಿತು. ಉಳಿದ ನಾಲ್ಕೂ ಕೈಯೆತ್ತಿದವು. ಯಾವುದರ ಮುಂದೆ ಕೂತರೂ ಸರ್ವರ್ ಸಿಗುತ್ತಿಲ್ಲ ಎಂಬ ಒಂದೇ ಉತ್ತರ.

ಬೆಂಗಳೂರಿಗೆ ಫೋನು ಹೋಯಿತು. ಆ ಇಂಜಿನಿಯರ್ ಕೂತಲ್ಲೇ ಕೂತು ತೀರ್ಪು ಕೊಟ್ಟ. ಸರ್ವರ್ ಹೋಗಿದೆ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು, ರಜೆ ಮುಗಿಸಿಕೊಂಡು ಬರುತ್ತೇನೆ. ಮಾವ ಕೆಂಡವಾದರು. ಒಂದು ಕಡೆ ಹಬ್ಬದ ದಿನವೇ ಅಪಶಕುನ, ಇನ್ನೊಂದು ಕಡೆ ಗೇಟಿನಲ್ಲಿ ರೈತರ ಕೂಗಾಟ. ಹಬ್ಬಕ್ಕೆ ಸುಣ್ಣ ಬಳಿದವನೇ ಏನೋ ಕಿತ್ತಿದ್ದಾನೆ ಎಂದು ತೀರ್ಮಾನಿಸಿ, ಅವನಿಗೆ ಇನ್ನು ಮುಂದೆ ಮಿಲ್ಲಿನಲ್ಲಿ ಕೆಲಸವಿಲ್ಲ ಎಂದು ಹೇಳಿ ಕಳಿಸಿದರು. ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಹಿತ್ತಲಲ್ಲಿದ್ದರು. ಮಾವ ತಟ್ಟೆಯ ಮುಂದೆ ಕೂತು ನನಗೆ ಹೇಳಿದರು, "ನಾಳೆ ಬೆಳಗ್ಗೆ ಅಷ್ಟನ್ನೂ ಲಾರಿಗೆ ಹಾಕ್ಸಿ ವಾಪಸ್ ಕಳಿಸ್ತೀನಿ. ಇಷ್ಟು ವರ್ಷ ಪುಸ್ತಕದಾಗೆ ಬರಿತಿರಲಿಲ್ವಾ?"

ಆ ಪೆಟ್ಟಿಗೆಗಳ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನೇ, ನಿಜ. ಆದರೆ ಅವು ಹೋದರೆ ಆ ಆಫೀಸಿಗೆ ನಾನು ಕಾಲಿಡುವ ದಾರಿಯೂ ಅವುಗಳ ಹಿಂದೆಯೇ ಹೋಗುತ್ತದೆ. ಪುಸ್ತಕದಲ್ಲಿ ಬರೆಯಲು ಅವರಿಗೆ ಗುಮಾಸ್ತರಿದ್ದರು. ನಾನು ಬೇಕಾಗಬಹುದಾಗಿದ್ದದ್ದು ಇದೊಂದಕ್ಕೇ.

"ಮಾವ, ನಾನೊಂದ್ಸಲ ನೋಡ್ಲಾ?"

"ಇಂಜಿನಿಯರ್ರೇ ಹೋಗೈತೆ ಅಂದಾನೆ. ನೀನೇನ್ ನೋಡ್ತೀಯಮ್ಮ?"

"ಹೋಗೇ ಐತೆ ಅಂದ್ಮೇಲೆ ನಾನು ನೋಡಿದ್ರೆ ಇನ್ನೇನು ಹೋಗ್ತೈತೆ ಮಾವ?"

ಮಾವ ನಗಲಿಲ್ಲ. ಬೇಡವೆನ್ನಲೂ ಇಲ್ಲ. "ಸಂಜೆ ಮಟ ನೋಡು" ಎಂದು ಎದ್ದರು. ನಾನು ಊಟ ಮಾಡದೆಯೇ ಅವರ ಹಿಂದೆ ಹೊರಟೆ.

ಆಫೀಸಿನಲ್ಲಿ ಗುಮಾಸ್ತರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಮಾವನ ತಂದೆಯ ಕಾಲದಿಂದ ಇದ್ದವರು, ಕಂಪ್ಯೂಟರು ಹಾಳಾದದ್ದರಲ್ಲಿ ಅವರಿಗೆ ತುಸು ಸಮಾಧಾನವೇ ಇದ್ದಂತಿತ್ತು. ನಾನು ಸರ್ವರಿನ ಮುಂದೆ ಕೂತೆ. ಎಷ್ಟೋ ತಿಂಗಳ ಮೇಲೆ ಬೆರಳಿಗೆ ಕೀಲಿಮಣೆ ಸಿಕ್ಕಿತ್ತು. ತವರಿಗೆ ಹೋದಷ್ಟು ಖುಷಿ ಆಯಿತು, ಸುಳ್ಳೇಕೆ ಹೇಳಲಿ.

ಮೊದಲು ಸರ್ವರಿಗೆ ಅದರದೇ ವಿಳಾಸ ಕೊಟ್ಟು ಕೂಗಿಸಿದೆ. ಇದಕ್ಕೆ ಪಿಂಗ್ ಅನ್ನುತ್ತಾರೆ. ತನ್ನ ಕೂಗಿಗೆ ತಾನೇ ಓಗೊಟ್ಟಿತು. ಪಕ್ಕದಲ್ಲೇ ಇದ್ದ ಗುಮಾಸ್ತರ ಮಿಷಿನ್ನನ್ನು ಕೂಗಿಸಿದರೆ ಸದ್ದೇ ಇಲ್ಲ. ಗೋಡೌನೂ ಅಷ್ಟೇ, ತೂಕದ ಕೋಣೆಯೂ ಅಷ್ಟೇ. ಹಾಗಾದರೆ ಮೊಳಕಾಲ್ಮುರು? ಅಂಗಡಿಗೆ ಫೋನ್ ಮಾಡಿದೆ.

"ರೀ, ನಿಮ್ ಮಿಷಿನ್ನಿಂದ ಇಲ್ಲಿಗೊಂದ್ಸಲ ಡಯಲ್ ಮಾಡ್ರಿ."

"ನೀನೇನ್ ಮಾಡ್ತಿದೀಯ ಅಲ್ಲಿ? ಅಪ್ಪ ಎಲ್ಲಿ?"

"ಪಕ್ಕದಾಗೇ ಅದಾರೆ. ಮೊದ್ಲು ಮಾಡ್ರಿ, ಆಮೇಲೆ ಕೇಳ್ರಂತೆ."

ಫೋನಿಟ್ಟೆ. ಸ್ವಲ್ಪ ಹೊತ್ತಿಗೆ ಮೋಡೆಮ್ ಕಿರುಚಿತು. ಸರ್ವರಿನಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿದರೆ ನನ್ನ ಗಂಡನ ಹೆಸರು ತೋರಿಸಿತು. ಒಬ್ಬರಿಂದೊಬ್ಬರಿಗೆ ಪರದೆಯ ಮೇಲೇ ಮಾತು ಕಳಿಸುವ ಒಂದು ಆಜ್ಞೆ ಇದೆ. ಅದನ್ನು ಕೊಟ್ಟು, ಇಂಗ್ಲಿಷ್ ಅಕ್ಷರದಲ್ಲಿ, "ಏನಾದರೂ ಟೈಪ್ ಮಾಡಿ" ಎಂದು ಬರೆದೆ. ತಡವಾಗಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದು ಗೊತ್ತಾಗುವ ಹಾಗೆ, ಉತ್ತರ ಬಂತು. "ಊಟ ಆಯ್ತಾ?"

ನನ್ನ ಬೆನ್ನ ಹಿಂದೆ ನಿಂತಿದ್ದ ಮಾವ ಬಗ್ಗಿ ಓದಿದರು. ನನಗೆ ನಾಚಿಕೆಯಾಗಿ ಕಿವಿ ಬಿಸಿಯಾಯಿತು. ಮಾವನ ಚಿಂತೆ ಬೇರೆಯೇ ಇತ್ತು.

"ಅಲ್ಲಮ್ಮ, ಮೊಳಕಾಲ್ಮುರಿನಿಂದ ಬರ್ತೈತೆ, ಪಕ್ಕದ ರೂಮಿನಿಂದ ಬರಲ್ವಾ?"

"ಅದೇ ಮಾವ. ಪೆಟ್ಟಿಗೆ ನೆಟ್ಟಗೈತೆ. ಕೆಟ್ಟಿರೋದು ದಾರಿ."

ಮಾವ ಕುರ್ಚಿ ಎಳೆದುಕೊಂಡು ಕೂತರು. ಸರ್ವರ್ ಸತ್ತಿಲ್ಲ, ಅದರಲ್ಲಿರುವ ಲೆಕ್ಕ ಎಲ್ಲೂ ಹೋಗಿಲ್ಲ ಎಂದು ಅವರ ಕಣ್ಣಿಗೇ ಕಂಡಿತ್ತು. ಆದರೆ ಗೇಟಿನ ಸಾಲಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. "ದಾರಿ ಸರಿ ಆಗ್ದಿದ್ರೆ ಪೆಟ್ಟಿಗೆ ತಗಂಡು ಏನ್ ಮಾಡ್ಲಿ?" ಅಂದರು. ಅದೂ ಸರಿಯೇ.

ವೈರಿನ ಆರೋಗ್ಯ ತೋರಿಸುವ ಇನ್ನೊಂದು ಆಜ್ಞೆ ಕೊಟ್ಟೆ. ಅಂಥದ್ದು ಇಲ್ಲವೇ ಇಲ್ಲ ಎಂದು ಸರ್ವರ್ ಖಂಡಿತವಾಗಿ ಹೇಳಿತು. ಒಂದು ಗಳಿಗೆ ಬೆವತೆ. ಆಮೇಲೆ ಲ್ಯಾಬಿನ ನೆನಪು ಬಂತು. ನಾನು ಒಳಹೊಕ್ಕಿದ್ದು ಗುಮಾಸ್ತರ ಹೆಸರಿನಲ್ಲಿ; ಯಜಮಾನನಲ್ಲದವರು ಕೇಳಿದರೆ ಹಾಗೇ ಹೇಳುತ್ತದೆ, ಅದು ಇರುವ ಜಾಗದ ಪೂರ್ತಿ ವಿಳಾಸ ಕೊಟ್ಟರೆ ಮರುಮಾತಿಲ್ಲದೆ ತೋರಿಸುತ್ತದೆ. ನಮ್ಮ ಮನೆಯ ಪದ್ಧತಿಯೂ ಹೆಚ್ಚು ಕಡಿಮೆ ಅದೇ. ವಿಳಾಸ ಕೊಟ್ಟೆ. ಸಾಲುಸಾಲು ಅಂಕಿಗಳು ಬಂದವು, ಅದರಲ್ಲಿ ವೈರಿನೊಳಗೆ ಮಾತಿಗೆ ಮಾತು ಬಡಿದ ಡಿಕ್ಕಿಗಳ ಲೆಕ್ಕ ಹೇಳುವ ಅಂಕಿ ಒಂದಿತ್ತು. ಮತ್ತೆ ಕೇಳಿದೆ, ಏರಿತ್ತು. ಮತ್ತೆ ಕೇಳಿದೆ, ಇನ್ನೂ ಏರಿತ್ತು. ಯಾರೂ ಮಾತಾಡದ ವೈರಿನಲ್ಲಿ ಯಾವುದಕ್ಕೆ ಯಾವುದು ಡಿಕ್ಕಿ?

ಈಗ ಆ ತರಹದ ವೈರು ಎಲ್ಲೂ ಇಲ್ಲ, ಹಾಗಾಗಿ ಹೇಳಬೇಕು. ಆ ವೈರಿನ ಎರಡೂ ತುದಿಗೆ ಬೆರಳ ತುದಿಯಷ್ಟು ದೊಡ್ಡ ಲೋಹದ ಮುಚ್ಚಳ ಇರಬೇಕು. ನೋಡಿದರೆ ಯಾವ ಕೆಲಸಕ್ಕೂ ಬಾರದ್ದು, ಆದರೆ ತುದಿಗೆ ಬಂದ ಮಾತನ್ನು ಅಲ್ಲೇ ನುಂಗಿಕೊಳ್ಳುವುದು ಅದೇ. ಅದಿಲ್ಲದಿದ್ದರೆ ಕಳಿಸಿದ ಮಾತು ತುದಿಗೆ ಬಡಿದು ವಾಪಸು ಬಂದು, ಹಿಂದೆ ಬರುತ್ತಿರುವ ಮಾತಿಗೇ ಹಾಯುತ್ತದೆ. ಬಾವಿಯೊಳಗೆ ಬಗ್ಗಿ ಇಬ್ಬರು ಒಟ್ಟಿಗೆ ಕೂಗಿದ ಹಾಗೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ.

ಸರ್ವರಿನ ತುದಿಯ ಮುಚ್ಚಳ ಇತ್ತು. ಇನ್ನೊಂದು ತುದಿ ನೋಡಲು ವೈರನ್ನೇ ಹಿಡಿದು ನಡೆದೆ. ಗೋಡೌನು ದಾಟುವಾಗ ಹಮಾಲರು ಮೂಟೆ ಇಳಿಸಿ ದಾರಿ ಬಿಟ್ಟರು. ಬೀಡಿ ಹೊಗೆ ಇತ್ತು, ಅತ್ತೆ ಹೇಳಿದ್ದು ನಿಜ. ಯಾರೂ ನನ್ನನ್ನು ತಿಂದುಹಾಕಲಿಲ್ಲ. ತೂಕದ ಕೋಣೆಯಲ್ಲಿ ಸ್ಯಾಂಪಲ್ ಬೀಜ ತೂಗುವ ಪುಟ್ಟ ತಕ್ಕಡಿಯ ಪಕ್ಕದಲ್ಲಿ ಮಿಷಿನ್ನಿತ್ತು. ಅದರ ಹಿಂದೆ ಬಗ್ಗಿ ನೋಡಿದರೆ ತುದಿ ಬೋಳು. ಕೋಣೆಯ ತುಂಬ ಶೇಂಗಾ ಸಿಪ್ಪೆಯ ಧೂಳು ಆಗಲೇ ಕೂತಿತ್ತು, ಆ ತುದಿಯ ಸುತ್ತ ಮಾತ್ರ ಒರೆಸಿ ಫಳಫಳ, ಮೇಲೆ ಮೂರು ಬೆರಳಿನ ವಿಭೂತಿ.

ನನಗೆ ತಕ್ಷಣ ಗೊತ್ತಾಯಿತು. ಸುಣ್ಣ ಬಳಿಯುವವನು ಸುಣ್ಣ ಚೆಲ್ಲುತ್ತಾನೆಯೇ ಹೊರತು ಹೀಗೆ ಒರೆಸುವುದಿಲ್ಲ. ನಮ್ಮಲ್ಲಿ ಇಷ್ಟು ಅಚ್ಚುಕಟ್ಟಾಗಿ ಒರೆಸುವ ಕೈ ಒಂದೇ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಅತ್ತೆ ಮಿಲ್ಲಿಗೆ ಬಂದು ದೀಪ, ತಕ್ಕಡಿ, ತೂಕದ ಕಲ್ಲು ಎಲ್ಲವನ್ನೂ ಮುಂದೆ ನಿಂತು ತೊಳೆಸುತ್ತಿದ್ದರು. ಸಣ್ಣ ಸಾಮಾನನ್ನು ಆಳುಗಳ ಕೈಗೂ ಕೊಡದೆ ಮನೆಗೆ ತಂದು ತಾವೇ ತಿಕ್ಕುತ್ತಿದ್ದರು.

"ಒಂದ್ ಸಾಮಾನು ಬೇಕು ಮಾವ, ಮನೇಲೈತೆ" ಎಂದಷ್ಟೇ ಹೇಳಿ ಆಟೋ ಹತ್ತಿದೆ.

ಅತ್ತೆ ಪೂಜೆಯ ಸಾಮಾನಿನ ಡಬ್ಬಿ ಮುಂದಿಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದರು. ಡಬ್ಬಿಯಲ್ಲಿ ಪುಟ್ಟ ಹಿತ್ತಾಳೆ ತೂಕಗಳ ನಡುವೆ ಬೆಳ್ಳಿ ಬಣ್ಣದ್ದೊಂದು ಮಿಂಚುತ್ತಿತ್ತು. ಎತ್ತಿಕೊಂಡೆ.

"ಅತ್ತೆ, ಇದು?"

"ಸ್ಯಾಂಪಲ್ ತೂಗೋ ಕಲ್ಲಲ್ವೇನೇ? ತಕ್ಕಡಿ ಪಕ್ಕದಾಗೇ ಇತ್ತು. ಯಾವುದಕ್ಕೂ ಸಿಗಿಸಿರಲಿಲ್ಲ, ವೈರಿನ ತುದಿಗೆ ಸುಮ್ನೆ ಕುಂತಿತ್ತು. ತಿರುವಿದೆ, ಬಂತು. ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಇಟ್ಟಿದ್ದೆ. ಯಾಕೆ?"

ಹೇಳಿದೆ. ಇದೊಂದು ಇಲ್ಲದೆ ಇಡೀ ಮಿಲ್ಲಿನ ಕಂಪ್ಯೂಟರು ನಿಂತಿದೆ, ಸುಣ್ಣದವನನ್ನು ಕೆಲಸದಿಂದ ಬಿಡಿಸಿದ್ದಾರೆ, ನಾಳೆ ಎಲ್ಲವೂ ಲಾರಿ ಹತ್ತಲಿದೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಮಾವನ ಸಿಟ್ಟು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಯ್ಯೋ ಅನ್ನಿಸಿತು.

"ನಾನು ಹೋಗಿ ಸುಮ್ನೆ ಹಾಕ್ಬಿಡ್ತೀನಿ ಅತ್ತೆ. ಸಡಿಲ ಆಗಿತ್ತು ಅಂತೀನಿ. ಯಾರಿಗೂ ಗೊತ್ತಾಗಲ್ಲ."

ಅತ್ತೆ ಅರ್ಧ ಹೊಸೆದ ಬತ್ತಿಯನ್ನು ಕೆಳಗಿಟ್ಟರು. "ಹಂಗಂದ್ರೆ ಸುಣ್ಣದೋನ ಗತಿ?"

ಅತ್ತೆ ಎದ್ದು ಸೆರಗು ಸರಿ ಮಾಡಿಕೊಂಡು, "ನಡಿ, ನಾನೂ ಬರ್ತೀನಿ" ಅಂದರು.

ಆಟೋ ಹತ್ತುವ ಮೊದಲೇ ನನ್ನ ಕೈಯಿಂದ ಮುಚ್ಚಳ ಇಸಿದುಕೊಂಡರು. ದಾರಿಯುದ್ದಕ್ಕೂ ಅದು ಅವರ ಮುಷ್ಟಿಯಲ್ಲೇ ಇತ್ತು. ತೂಕದ ಕೋಣೆಯಲ್ಲಿ ನಾನು ಕೈ ಚಾಚಿದರೆ ಕೊಡಲಿಲ್ಲ. "ತೆಗೆದೋಳು ನಾನು" ಎಂದು ಮಿಷಿನ್ನಿನ ಹಿಂದೆ ಬಗ್ಗಿ ತಾವೇ ತಿರುವಿ ಕೂರಿಸಿದರು. ಒಳಗೆ ನೀರು ನಿಂತು ಅದು ಕೆಟ್ಟೇ ಹೋಗಿದ್ದರೆ? ಚಳ್ಳಕೆರೆಯ ಬಿಸಿಲಿನ ಮೇಲೆ ಭಾರ ಹಾಕಿ ಮಿಷಿನ್ನಿನ ಮುಂದೆ ಕೂತು ಸರ್ವರನ್ನು ಕೂಗಿದೆ. ಓಗೊಟ್ಟಿತು. ಮತ್ತೆ ಓಗೊಟ್ಟಿತು. ಒಂದರ ಕೆಳಗೊಂದು ಸಾಲು ಬೀಳುತ್ತಲೇ ಇದ್ದವು. ಆಫೀಸಿನ ಕಡೆಯಿಂದ ಗುಮಾಸ್ತರ ದನಿ ಬಂತು, "ಬಂತು ಅಮ್ಮಾವ್ರೆ, ನಂದೂ ಬಂತು." ನನ್ನ ಕಣ್ಣಲ್ಲಿ ನೀರು ತುಂಬಿತು.

ಮಾವ ಬಾಗಿಲಲ್ಲಿ ನಿಂತಿದ್ದರು. ಹೆಂಡತಿಯನ್ನು ಅಲ್ಲಿ ಕಂಡು ಹುಬ್ಬು ಗಂಟಿಕ್ಕಿತು. "ಏನಾಗಿತ್ತು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ಅದನ್ನ ಬಿಚ್ಚಿ ತಿಕ್ಕಿದೋಳು ನಾನು. ಆ ಸುಣ್ಣದೋನದು ಏನೂ ತಪ್ಪಿಲ್ಲ, ಇವತ್ತೇ ಹೇಳಿ ಕಳಿಸ್ರಿ."

ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ವರ್ಷಕ್ಕೊಂದ್ಸಲ ಬಂದು ತಿಕ್ಕಿ ಹೋಗೋಳು ನಾನು. ಯಾವುದನ್ನ ಮುಟ್ಬೇಕು, ಯಾವುದನ್ನ ಮುಟ್ಬಾರದು ಅಂತ ನಂಗೆ ಹೇಳೋರು ಯಾರವ್ರೆ ಇಲ್ಲಿ? ನಿಮಗೂ ಗೊತ್ತಿಲ್ಲ, ಗುಮಾಸ್ತರಿಗೂ ಗೊತ್ತಿಲ್ಲ. ಗೊತ್ತಿರೋಳ್ನ ಮನೇಲಿ ಕುಂಡ್ರಿಸ್ಕೊಂಡು ರೊಟ್ಟಿ ತಟ್ಟಿಸ್ತಿದೀವಿ."

ಹಮಾಲರು ಇನ್ನೆಲ್ಲೋ ನೋಡತೊಡಗಿದರು. ಮಾವ ಆಫೀಸಿಗೆ ನಡೆದು, ಸುಣ್ಣದವನನ್ನು ಕರೆತರಲು ಗುಮಾಸ್ತರನ್ನೇ ಕಳಿಸಿದರು. ಗೇಟಿನ ಸಾಲು ಮೆಲ್ಲಗೆ ಕರಗತೊಡಗಿತು. ನಾನೂ ಅತ್ತೆಯೂ ಮನೆಗೆ ಬಂದೆವು. ರಾತ್ರಿ ಊಟದ ಹೊತ್ತಿನಲ್ಲೂ ಮಾವ ಆ ಮಾತೆತ್ತಲಿಲ್ಲ. ಎಲ್ಲ ಅಲ್ಲಿಗೇ ಮುಗಿಯಿತು ಎಂದುಕೊಂಡು ಸಂಕಟಪಡುತ್ತಲೇ ಮಲಗಿದೆ.

ಬೆಳಗ್ಗೆ ಜೋಳದ ಹಿಟ್ಟು ನಾದುತ್ತಿದ್ದೆ. ಮಾವ ಹೊರಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತವರು ಹೊರಡಲೇ ಇಲ್ಲ. ಒಳಗೆ ಕೇಳುವ ಹಾಗೆ ಅಂದರು, "ಹೊತ್ತಾತು. ಮಿಲ್ಲಿಗೆ ಬರಲ್ವೇನಮ್ಮ?"

ನನ್ನ ಎರಡೂ ಕೈ ಮೊಣಕೈವರೆಗೆ ಹಿಟ್ಟು. ಏನು ಮಾಡಬೇಕೆಂದು ತೋಚದೆ ಅತ್ತೆಯ ಕಡೆ ನೋಡಿದೆ. ಅವರು ಹಿಟ್ಟಿನ ಪರಾತವನ್ನು ನನ್ನ ಮುಂದಿನಿಂದ ತಮ್ಮ ಕಡೆಗೆ ಎಳೆದುಕೊಂಡರು. "ಕೈ ತೊಳ್ಕಂಡು ಹೋಗು" ಅಂದರು.