ಒಳಗಿನ ಹನಿ ಖಾಲಿಯಾದದ್ದು

ಮಗುವಿಗೆ ಹಾಲುಣಿಸುವಾಗಲೂ, ಬಟ್ಟೆ ಒಣಹಾಕುವಾಗಲೂ ಒಂದೇ ಕೊರಗು: ಕಾಕ್ ಸೆನಾರನ್ನು ಉಗ್ರಾಣಕ್ಕೆ ಹಾಕಿದ್ದು ನನ್ನ ತಪ್ಪಿಗೆ. ಸೋಮವಾರದಿಂದ ಅವರು ಅಲ್ಲಿ ಖಾಲಿ ಶೀಶೆಗಳಿಗೆ ಚೀಟಿ ಅಂಟಿಸುತ್ತಿದ್ದಾರೆ.

ಮಲೇಷ್ಯಾದ ಬಾಂಗಿಯ ನಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ತಾಳೆ ಎಣ್ಣೆ ಕಡೆದವರು ಕಾಕ್ ಸೆನಾ, ಎಂದರೆ ಸೆನಾ ಅಕ್ಕ. ಒಂಟಿ ಜೀವ. ಮಧ್ಯಾಹ್ನ ಕಿಟಕಿ ಪಕ್ಕ ಒಬ್ಬರೇ ಕೂತು ಅನ್ನ, ಸಂಬಾಲ್ ಚಟ್ನಿ ಉಣ್ಣುತ್ತಿದ್ದರು. ಯಾರೂ ಜೊತೆಗೆ ಕರೆಯುತ್ತಿರಲಿಲ್ಲ, ನಾನೂ.

ಶಾಲೆಮಕ್ಕಳ ಹಾಲಿಗೆ ಕಬ್ಬಿಣದಂಶ ಸೇರಿಸಬೇಕು, ತುಕ್ಕಿನ ರುಚಿ ಮಾತ್ರ ನಾಲಿಗೆಗೆ ತಾಗಬಾರದು. ಅದಕ್ಕೆ ಕಬ್ಬಿಣ ಕರಗಿದ ನೀರನ್ನು ಎಣ್ಣೆಯಲ್ಲಿ ಪುಟ್ಟ ಹನಿಗಳಾಗಿ ಬಚ್ಚಿಟ್ಟು, ಆ ಎಣ್ಣೆಯನ್ನು ಹಾಲಿನಲ್ಲಿ ಮತ್ತೆ ಹನಿ ಮಾಡುತ್ತೇವೆ. ಮೊದಲ ಸಲ ಜೋರಾಗಿ ಕಡೆಯಬೇಕು. ಎಣ್ಣೆ ನೀರನ್ನು ಹಿಡಿದುಕೊಳ್ಳಲೆಂದು ಹಾಕುವ ಎಮಲ್ಸಿಫೈಯರ್ ಹೆಚ್ಚಿದಷ್ಟೂ ಹನಿ ಸಣ್ಣದಾಗುತ್ತದೆ, ಅದೂ ನೂರಕ್ಕೆ ನಾಲ್ಕರವರೆಗೆ. ಆಮೇಲೆ ಎಷ್ಟು ಸುರಿದರೂ ಎಣ್ಣೆ ಮಂದವಾದೀತು, ಅಷ್ಟೇ. ಎರಡನೆಯ ಸಲ ಮಾತ್ರ ಮೆಲ್ಲಗೆ. ನಾನು ಅವಸರಪಟ್ಟರೆ ಕಾಕ್ ಸೆನಾ ಕೆಣಕುತ್ತಿದ್ದರು: "ಮಗೂಗೆ ಸ್ನಾನ ಮಾಡ್ಸೋದೂ ಹಿಂಗೇನಾ, ಇಜ್ಯಾನ್? ಪಾಪ, ಕೂಸು."

ಆ ಗುರುವಾರ ಮಗುವಿಗೆ ಜ್ವರವೆಂದು ಶಿಶುವಿಹಾರದಿಂದ ಫೋನ್ ಬಂತು. ಮೊದಲ ಕಡೆತ ಮುಗಿಸಿ ಪುಸ್ತಕಕ್ಕೆ ರುಜು ಹಾಕಿ ಕಾಕ್ ಸೆನಾ ನಮಾಜಿಗೆ ಹೋಗಿದ್ದರು. ಬೇಗ ಮುಗಿಯಲೆಂದು ಎರಡನೆಯ ಕಡೆತದ ವೇಗವನ್ನು ಮೂರು ಪಟ್ಟು ಏರಿಸಿದೆ. ಸೂಕ್ಷ್ಮದರ್ಶಕದಲ್ಲಿ ಹನಿಗಳು ಎಂದಿಗಿಂತ ಸಣ್ಣ, ಒಂದೇ ಸಮ. ಒಳ್ಳೆಯದೇ ಆಯಿತೆಂದುಕೊಂಡು, ವೇಗದ ಗುಂಡಿಯನ್ನು ಮೊದಲಿನ ಜಾಗಕ್ಕೇ ತಿರುಗಿಸಿಟ್ಟು ಓಡಿದೆ.

ಎಣ್ಣೆಹನಿ ಒಡೆದು ಸಣ್ಣದಾಗುವಾಗ ಒಳಗಿದ್ದ ಕಬ್ಬಿಣದ ನೀರು ಹಾಲಿಗೆ ಸೋರಿಹೋಗಿತ್ತು. ವಾರದ ನಂತರ ರುಚಿ ನೋಡಿದವರು ಉಗುಳಿದರು. ಪುಸ್ತಕದಲ್ಲಿ ಇದ್ದದ್ದು ಕಾಕ್ ಸೆನಾರ ರುಜು ಒಂದೇ. ವಯಸ್ಸಾಯಿತು, ಕೈ ನಿಲ್ಲುವುದಿಲ್ಲ ಎಂದರು ನಮ್ಮ ಮುಖ್ಯಸ್ಥೆ ಫದ್ಲಿನ್ ಮೇಡಂ, ಇಲ್ಲಿಯವರ ಮಾತಲ್ಲಿ ಪುವಾನ್ ಫದ್ಲಿನ್. ಕಾಕ್ ಸೆನಾ ವಾದಿಸಲಿಲ್ಲ. ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ಗಂಡ ದೂರದ ಮಿರಿಯಲ್ಲಿ, ಮನೆಯಲ್ಲಿ ನಾನು, ಮಗು, ಎರಡೇ ಉಸಿರು.

ನಿನ್ನೆ ಉಗ್ರಾಣಕ್ಕೆ ಹೋದೆ. ಮಗುವಿಗೆ ಮತ್ತೆ ಜ್ವರ ಬರಲಿಲ್ಲ ತಾನೇ ಎಂದು ಮೊದಲು ಕೇಳಿದರು. ಆಮೇಲೆ ಚೀಟಿಗೆ ಅಂಟು ಸವರುತ್ತಾ, "ಇಲ್ಲಿಗೆ ಯಾರೂ ಮಾತಾಡ್ಸೋಕೆ ಬರಲ್ಲ ಕಣೇ. ಬಿಡು, ಅಲ್ಲೂ ಬರ್ತಿರ್ಲಿಲ್ಲ. ಆದ್ರೆ ಅಲ್ಲಿ ಕೆಲ್ಸ ಇತ್ತು," ಎಂದರು.

ಇವತ್ತು ಊಟದ ಹೊತ್ತಿಗೆ ಪುವಾನ್ ಫದ್ಲಿನ್ ನಂಬರ್ ಒತ್ತಿದೆ. ಎರಡು ಸಲ ಕಟ್ ಮಾಡಿದೆ. ಮೂರನೆಯ ಸಲ ಅವರು ಎತ್ತಿಬಿಟ್ಟರು.

"ಪುವಾನ್, ಆ ಗುರುವಾರ ಎರಡನೇ ಸಲ ಕಡ್ದಿದ್ದು ಕಾಕ್ ಸೆನಾ ಅಲ್ಲ," ಎಂದೆ. "ನಾನು."